ಜಿಪ್ ಪೌಚಿನ ಮೇಲೆ 12 ಸೆಕೆಂಡು

ನನ್ನ ಬಳಿ ಒಂದು ಬಟ್ಟೆಯ ಜಿಪ್ ಪೌಚ್ ಇದೆ. ದಪ್ಪ ಕ್ಯಾನ್ವಾಸು, ಕಪ್ಪು ಜಿಪ್ಪು, ಒಳಗೆ ಬೂದು ಬಣ್ಣದ ಲೈನಿಂಗು. ಪೆನ್ನು, ಸಣ್ಣ ಕತ್ತರಿ, ಚಾರ್ಜರ್ ವೈರು, ಟೇಪು, ಹೀಗೆ ಬ್ಯಾಗಿನ ತಳ ಸೇರಿ ಕಳೆದುಹೋಗುವ ಸಾಮಾನೆಲ್ಲ ಅದರಲ್ಲಿ. ಮುಂಭಾಗಕ್ಕೆ ಒಂದು ಕಪ್ಪು-ಬಿಳುಪು ಫೋಟೋ ಅಚ್ಚು ಹಾಕಿದ್ದಾರೆ. ನೀವೂ ಎಲ್ಲಾದರೂ ನೋಡಿಯೇ ಇರುತ್ತೀರಿ. ಮರಳಿನ ಬಯಲು, ಬಿಳಿಚಿದ ಆಕಾಶ, ನೆಲದಿಂದ ಒಂದೆರಡು ಅಡಿ ಮೇಲಕ್ಕೆದ್ದ ಜೋಡಿ ರೆಕ್ಕೆಯ ಯಂತ್ರ, ಅದರ ಬಲಕ್ಕೆ ಓಡುತ್ತಾ ಬಂದು ಆಗಷ್ಟೇ ಕೈಬಿಟ್ಟ ಒಬ್ಬ ಮನುಷ್ಯ. 1903ರ ಡಿಸೆಂಬರ್ 17, ಬೆಳಿಗ್ಗೆ 10.35. ಅಮೆರಿಕದ ನಾರ್ತ್ ಕೆರೊಲಿನಾ ತೀರದ ಕಿಲ್ ಡೆವಿಲ್ ಹಿಲ್ಸ್. ರೈಟ್ ಸಹೋದರರ, ಅಂದರೆ ಅಣ್ಣ ವಿಲ್ಬರ್ ಮತ್ತು ತಮ್ಮ ಆರ್ವಿಲ್‌ರ ಮೊದಲ ಹಾರಾಟ.

ಇಂಥ ಚಿತ್ರಗಳನ್ನು ಮಗ್ಗು, ಟೀ ಶರ್ಟು, ಕೀ ಚೈನು, ಎಲ್ಲದರ ಮೇಲೂ ಹಾಕುತ್ತಾರೆ. ಇಷ್ಟು ದೊಡ್ಡ ಘಟನೆಯ ಫೋಟೋ ಪೆನ್ನು ತುಂಬುವ ಚೀಲದ ಮೇಲೆ ಯಾಕೆ ಅಂತ ಅನ್ನಿಸುವುದು ಸಹಜ. ನನಗೆ ಹಾಗನ್ನಿಸುವುದಿಲ್ಲ. ಬೇರೆ ಫೋಟೋಗಳ ಮಾತು ಬೇರೆ. ಆದರೆ ಈ ಒಂದು ಫೋಟೋಗೆ ಬಟ್ಟೆಗಿಂತ ಒಳ್ಳೆಯ ಜಾಗ ಇಲ್ಲ ಅಂತಲೇ ನನ್ನ ನಂಬಿಕೆ. ಯಾಕೆಂದರೆ ಅದರಲ್ಲಿರುವ ವಿಮಾನವೇ ಬಟ್ಟೆಯದು. ಅಳತೆ ಹಿಡಿದು, ಕತ್ತರಿಸಿ, ಮೆಷಿನ್ನಿನಲ್ಲಿ ಹೊಲಿದ ಹತ್ತಿ ಬಟ್ಟೆಯದು.

ರೈಟ್ ಸಹೋದರರು ಅಂದ ಕೂಡಲೇ ಎಲ್ಲರಿಗೂ ಸೈಕಲ್ ಅಂಗಡಿ ನೆನಪಾಗುತ್ತದೆ. ಚೈನು, ಸ್ಪ್ರಾಕೆಟ್ಟು, ಎಂಜಿನ್ನು. ಅವರ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರೇ ವಾರದಲ್ಲಿ ಕಟ್ಟಿಕೊಟ್ಟ, ಸುಮಾರು 12 ಅಶ್ವಶಕ್ತಿಯ ಎಂಜಿನ್ನಿನ ಕಥೆ ನಿಜಕ್ಕೂ ದೊಡ್ಡದು. ಆದರೆ ಫೋಟೋವನ್ನು ಸುಮ್ನೆ ಒಮ್ಮೆ ಕಣ್ಣಿಟ್ಟು ನೋಡಿ. ಎಂಜಿನ್ನು ಹುಡುಕಬೇಕು. ಕಣ್ಣಿಗೆ ಮೊದಲು ಬೀಳುವುದು ಬಟ್ಟೆ. ಒಂದು ತುದಿಯಿಂದ ಇನ್ನೊಂದು ತುದಿಗೆ 40 ಅಡಿ 4 ಅಂಗುಲ ಚಾಚಿರುವ ಎರಡು ರೆಕ್ಕೆ, ಒಟ್ಟು 510 ಚದರ ಅಡಿ. ಅದೂ ಒಂದೇ ಪದರ ಅಲ್ಲ, ಮೇಲ್ಗಡೆಗೂ ಬಟ್ಟೆ, ಕೆಳಗಡೆಗೂ ಬಟ್ಟೆ. ಅಂದರೆ ಹೊಲಿದ ಬಟ್ಟೆ ಅದಕ್ಕೆ ಎರಡರಷ್ಟು.

ಆ ಬಟ್ಟೆ ಏನು ವಿಶೇಷ ಬಟ್ಟೆಯೂ ಅಲ್ಲ. 'ಪ್ರೈಡ್ ಆಫ್ ದಿ ವೆಸ್ಟ್' ಅನ್ನುವ ಬ್ರ್ಯಾಂಡಿನ ಮಸ್ಲಿನ್. ಬಿಳುಪು ಮಾಡದ ಹತ್ತಿ ಬಟ್ಟೆ, ಬಿಗಿ ನೇಯ್ಗೆ. ಹೆಂಗಸರ ಒಳ ಉಡುಪು ಹೊಲಿಯಲು ಜನ ಕೊಳ್ಳುತ್ತಿದ್ದದ್ದು ಇಂಥದ್ದನ್ನೇ. ಮುಂದೆ ಬಂದ ವಿಮಾನಗಳಲ್ಲಿ ಬಟ್ಟೆ ಬಿಗಿಯಾಗಲಿ, ಗಾಳಿ ಒಳಗೆ ನುಸುಳದಿರಲಿ ಅಂತ ಮೇಲೆ ಒಂದು ಥರದ ವಾರ್ನಿಷ್ ಬಳಿಯುವ ರೂಢಿ ಬಂತು. 1903ರ ಈ ವಿಮಾನಕ್ಕೆ, ಅಂದರೆ ಫ್ಲೈಯರಿಗೆ, ಅದೂ ಇರಲಿಲ್ಲ. ಥಾನಿನಿಂದ ಬಿಚ್ಚಿದ ಬಟ್ಟೆ ಹಾಗೇ ರೆಕ್ಕೆಯಾಯಿತು.

ನನಗೆ ಸ್ವಲ್ಪ ಹೊಲಿಗೆ ಗೊತ್ತು. ಅದಕ್ಕೇ ಇರಬೇಕು, ಈ ಯಂತ್ರದ ವಿವರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಹೊಲಿಗೆಯ ವಿಷಯ. ರೆಕ್ಕೆಯ ಬಟ್ಟೆಯನ್ನು ಅವರು ನೇರಕ್ಕೆ ಹಾಕಲಿಲ್ಲ, ಓರೆಗೆ ಹಾಕಿದರು. ಟೈಲರುಗಳು ಕ್ರಾಸ್ ಅನ್ನುತ್ತಾರಲ್ಲ, ಅದೇ. ಒಂದು ಕರ್ಚೀಫು ತೆಗೆದುಕೊಳ್ಳಿ. ಹಾಸಿನ ಉದ್ದಕ್ಕೆ ಎಳೆಯಿರಿ, ಜಗ್ಗುವುದಿಲ್ಲ. ಹೊಕ್ಕಿನ ಉದ್ದಕ್ಕೆ ಎಳೆಯಿರಿ, ಆಗಲೂ ಇಲ್ಲ. ಮೂಲೆಯಿಂದ ಮೂಲೆಗೆ ಎಳೆದರೆ ಮಾತ್ರ ಹಿಗ್ಗುತ್ತದೆ, ಚೌಕ ಸೊಟ್ಟಗಾಗುತ್ತದೆ. ಈಗ ಇದನ್ನೇ ತಿರುವಿ ಹಾಕಿ ನೋಡಿ. ಮರದ ಚೌಕಟ್ಟಿನ ದೌರ್ಬಲ್ಯ ಇರುವುದೂ ಮೂಲೆಯಿಂದ ಮೂಲೆಗೇ. ಗಾಳಿ ತಳ್ಳಿದರೆ ಚೌಕ ಸೊಟ್ಟಗಾಗುತ್ತದೆ. ನೂಲುಗಳು ಚೌಕಟ್ಟಿಗೆ ಓರೆಯಾಗಿ ಬರುವಂತೆ ಬಟ್ಟೆ ಹಾಕಿಬಿಟ್ಟರೆ, ಸೊಟ್ಟಗಾಗಲು ಹೊರಟ ಚೌಕಟ್ಟನ್ನು ಪ್ರತಿಯೊಂದು ನೂಲೂ ಎಳೆದು ಹಿಡಿಯುತ್ತದೆ. ಆ ಮಟ್ಟಿಗೆ ತಂತಿ ಕಟ್ಟುವ ಕೆಲಸ ಉಳಿಯಿತು, ತೂಕ ಉಳಿಯಿತು. ಅಲ್ಲಿ ಬಟ್ಟೆ ಬರೀ ಹೊದಿಕೆಯಾಗಿ ಕೂತಿಲ್ಲ, ಚೌಕಟ್ಟಿನ ಕೆಲಸವನ್ನೂ ಹಂಚಿಕೊಂಡಿದೆ. ಇಷ್ಟು ಚೆಂದದ ಉಪಾಯ ಯಾಕೆ ಜಾಸ್ತಿ ಜನಕ್ಕೆ ಗೊತ್ತಿಲ್ಲವೋ.

ರೆಕ್ಕೆಯೊಳಗಿನ ಪಕ್ಕೆಲುಬಿನಂಥ ಪಟ್ಟಿಗಳಿಗೂ ಬಟ್ಟೆಯಲ್ಲೇ ಉದ್ದುದ್ದ ಜೇಬು ಹೊಲಿದಿದ್ದರು. ಪಟ್ಟಿ ಆ ಜೇಬಿನೊಳಗೆ ತೂರಿ ಕೂರುತ್ತಿತ್ತು. ಹಾಗಾಗಿ ರೆಕ್ಕೆ ತುಸು ತಿರುಚಿಕೊಂಡರೂ ಬಟ್ಟೆ ಹರಿಯುತ್ತಿರಲಿಲ್ಲ. ತಿರುಚಿಕೊಳ್ಳುವುದೇ ಅದರ ಗುಟ್ಟು. ವಿಮಾನ ಒಂದು ಕಡೆ ವಾಲಿದರೆ ನೆಟ್ಟಗೆ ಮಾಡಲು ಅವರು ರೆಕ್ಕೆಯ ತುದಿಗಳನ್ನೇ ತಿರುಚುತ್ತಿದ್ದರು. ಹಾರಿಸುವವನು ಕೆಳಗಿನ ರೆಕ್ಕೆಯ ಮೇಲೆ ಬೋರಲು ಮಲಗಿರುತ್ತಿದ್ದ. ಅವನ ಸೊಂಟ ಒಂದು ತೊಟ್ಟಿಲಿನಂಥ ಜಾಗದಲ್ಲಿ ಇರುತ್ತಿತ್ತು. ಸೊಂಟ ಆಚೀಚೆ ಸರಿಸಿದರೆ ತಂತಿಗಳು ಎಳೆದುಕೊಂಡು ರೆಕ್ಕೆ ತಿರುಚುತ್ತಿತ್ತು. ತಗಡಿನ ರೆಕ್ಕೆಯಾಗಿದ್ದರೆ ಇದು ನಡೆಯುತ್ತಿತ್ತೇ? ಬಟ್ಟೆಯಾದ್ದರಿಂದ ನಡೆಯಿತು.

ಹೊಲಿದದ್ದು ಯಾರು? ತಂಗಿ ಕ್ಯಾಥರೀನ್ ಹೊಲಿದಳು ಅಂತ ಅನೇಕರು ಅಂದುಕೊಂಡಿದ್ದಾರೆ. ಮನೆಯಲ್ಲಿ ಒಬ್ಬ ಹುಡುಗಿ ಇದ್ದರೆ ಹೊಲಿಗೆ ಅವಳ ತಲೆಗೇ ಕಟ್ಟುವುದು ಸುಲಭ, ಅಲ್ವಾ. ಕ್ಯಾಥರೀನ್ ಶಾಲೆಯಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ಟೀಚರು. 1902ರ ಬೇಸಿಗೆಯಲ್ಲಿ ಆಕೆ ಅಪ್ಪನಿಗೆ ಬರೆದ ಕಾಗದದಲ್ಲಿ ಮನೆಯ ಚಿತ್ರ ಕಣ್ಣಿಗೆ ಕಟ್ಟುವ ಹಾಗಿದೆ. ವಿಲ್ಬರ್ ಗಂಟೆಗಟ್ಟಲೆ ಹೊಲಿಗೆ ಮೆಷಿನ್ ತಿರುಗಿಸುತ್ತಾ ಕೂತಿರುತ್ತಾನೆ, ಆರ್ವಿಲ್ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಎಲ್ಲೆಲ್ಲಿ ಹೊಲಿಯಬೇಕೋ ಅಲ್ಲೆಲ್ಲ ಗುರುತು ಹಾಕುತ್ತಾನೆ, ಮನೆಯಲ್ಲಿ ಇರಲಿಕ್ಕೇ ಜಾಗವಿಲ್ಲ ಅನ್ನುತ್ತಾಳೆ. ಅವರು ಹೊರಟುಹೋದ ಮೇಲೆ ಈ ಗಲಾಟೆಯೇ ಬೇಕು ಅನ್ನಿಸುತ್ತದೆ ಅಂತಲೂ ಸೇರಿಸುತ್ತಾಳೆ. ಅದು ಫ್ಲೈಯರಿಗೆ ಹಿಂದಿನ ವರ್ಷದ, ಎಂಜಿನ್ನಿಲ್ಲದೆ ಗಾಳಿಯಲ್ಲಿ ತೇಲುವ ಗ್ಲೈಡರಿನ ರೆಕ್ಕೆಯ ಕೆಲಸ. ಸೂಟು, ಕಾಲರು ಹಾಕಿಕೊಂಡು ಓಡಾಡುತ್ತಿದ್ದ ಇಬ್ಬರು ಗಂಡಸರು ಮನೆ ತುಂಬ ಬಟ್ಟೆ ಹರಡಿಕೊಂಡು ಹೊಲಿಯುತ್ತಿದ್ದ ಆ ದಿನಗಳ ಫೋಟೋವನ್ನು ನಾನು ಎಲ್ಲೂ ನೋಡಿಲ್ಲ. ಇದ್ದಿದ್ದರೆ ನನ್ನ ಪೌಚಿನ ಹಿಂಬದಿಗೆ ಅದನ್ನೇ ಹಾಕಿಸುತ್ತಿದ್ದೆ.

ಇದಕ್ಕಿಂತ ಹಿಂದಿನ ಕಥೆ ಇನ್ನೂ ಇಷ್ಟ. 1900ರ ಸೆಪ್ಟೆಂಬರಿನಲ್ಲಿ ವಿಲ್ಬರ್ ಮೊದಲ ಸಲ ಕಿಲ್ ಡೆವಿಲ್ ಹಿಲ್ಸ್ ಹತ್ತಿರದ ಕಿಟ್ಟಿ ಹಾಕ್ ಊರಿಗೆ ಹೋದ. ಗ್ಲೈಡರಿಗೆ 18 ಅಡಿ ಉದ್ದದ ಮರ ಬೇಕಿತ್ತು. ದಾರಿಯಲ್ಲಿ ನಾರ್ಫೋಕ್ ಊರಿನಲ್ಲಿ ಹುಡುಕಿದರೆ ಸಿಕ್ಕಿದ್ದು 16 ಅಡಿಯದು. ಮರ ಚಿಕ್ಕದಾದ ಮೇಲೆ ಮನೆಯಲ್ಲೇ ಹೊಲಿದು ತಂದಿದ್ದ ಸ್ಯಾಟೀನ್ ಬಟ್ಟೆ ದೊಡ್ಡದಾಯಿತು. ಕಿಟ್ಟಿ ಹಾಕ್‌ನಲ್ಲಿ ಅವನಿಗೆ ಆಶ್ರಯ ಕೊಟ್ಟದ್ದು ಟೇಟ್ ದಂಪತಿ. ಆಡಿ ಟೇಟ್ ಅವರ ಹೊಲಿಗೆ ಮೆಷಿನ್ ಮುಂದೆ ಕೂತು ವಿಲ್ಬರ್ ಬಟ್ಟೆಯನ್ನು ಕತ್ತರಿಸಿ ಮತ್ತೆ ಹೊಲಿದ. ಆ ವರ್ಷದ ಪ್ರಯೋಗ ಮುಗಿದ ಮೇಲೆ ಗ್ಲೈಡರನ್ನು ಅಲ್ಲೇ ಬಿಟ್ಟು ಅಣ್ಣತಮ್ಮ ಊರಿಗೆ ಹೋದರು. ಆಡಿ ಅದರ ಸ್ಯಾಟೀನ್ ಬಿಚ್ಚಿಕೊಂಡು ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಫ್ರಾಕು ಹೊಲಿದಳು. ಒಳ್ಳೆಯ ಬಟ್ಟೆ ಹಾಳಾಗಲು ಬಿಡದ ಹೆಂಗಸು. ಹಾರಿದ ಬಟ್ಟೆಯನ್ನು ದಿನಬಳಕೆಗೆ ತಂದವರಲ್ಲಿ ಆಕೆಯೇ ಮೊದಲಿಗಳಿರಬೇಕು. ಪೌಚ್ ಮಾಡುವವರು ಆಕೆಯ ದಾರಿಯಲ್ಲೇ ಇದ್ದಾರೆ ಅಂತ ನನಗನ್ನಿಸುತ್ತದೆ.

ಈಗ ಫೋಟೋಗೆ ಬರೋಣ.

ಕ್ಯಾಮೆರಾ ರೈಟ್ ಸಹೋದರರದ್ದೇ. ಗುಂಡ್ಲಾಕ್ ಕಂಪನಿಯ ಕೊರೋನಾ, 5 ಅಂಗುಲಕ್ಕೆ 7 ಅಂಗುಲದ ಗಾಜಿನ ಪ್ಲೇಟು ಹಾಕುವಂಥದ್ದು. ಆವತ್ತು ಹಾರುವ ಸರದಿ ಆರ್ವಿಲ್‌ನದು. ಡಿಸೆಂಬರ್ 14ರಂದು ನಾಣ್ಯ ಚಿಮ್ಮಿ ಗೆದ್ದಿದ್ದ ವಿಲ್ಬರ್ ಮೊದಲು ಪ್ರಯತ್ನಿಸಿದ್ದ. ಯಂತ್ರ ಎದ್ದ ಹಾಗೆ ಮಾಡಿ ಮೂರೂವರೆ ಸೆಕೆಂಡಿನಲ್ಲಿ ಮರಳಿಗೆ ಬಡಿಯಿತು. ರಿಪೇರಿ ಮುಗಿಸಿ 17ಕ್ಕೆ ಮತ್ತೆ ಸಿದ್ಧರಾದರು. ಚಳಿಗೆ ಅಲ್ಲಲ್ಲಿ ನಿಂತ ನೀರು ಹೆಪ್ಪುಗಟ್ಟಿತ್ತು. ಗಂಟೆಗೆ 20ರಿಂದ 27 ಮೈಲಿ ವೇಗದ ಗಾಳಿ. ಆರ್ವಿಲ್ ಹಳಿಯ ಮೇಲಿನ ಯಂತ್ರ ಎಲ್ಲಿ ನೆಲ ಬಿಡಬಹುದು ಅಂತ ಅಂದಾಜು ಮಾಡಿ, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ಆ ಜಾಗಕ್ಕೆ ಗುರಿ ಹಿಡಿದ. ಆಮೇಲೆ ಶಟರಿನ ರಬ್ಬರ್ ಬಲ್ಬನ್ನು ಜಾನ್ ಟಿ. ಡೇನಿಯಲ್ಸ್ ಕೈಗೆ ಕೊಟ್ಟ. ಯಂತ್ರ ಎದ್ದರೆ ಇದನ್ನು ಹಿಸುಕು ಅಂದ.

ಡೇನಿಯಲ್ಸ್ ಫೋಟೋಗ್ರಾಫರಲ್ಲ. ಪಕ್ಕದ ಜೀವರಕ್ಷಣಾ ಠಾಣೆಯಲ್ಲಿ ಕೆಲಸಕ್ಕಿದ್ದವನು. ಬಿರುಗಾಳಿಗೆ ಸಿಕ್ಕ ಹಡಗುಗಳ ಜನರನ್ನು ದೋಣಿಯಲ್ಲಿ ಹೋಗಿ ಕರೆತರುವುದು ಅವರ ಕಸುಬು. ಆವತ್ತು ಅಲ್ಲಿ ನೋಡಲು ಬಂದಿದ್ದವರು ಐವರು. ಠಾಣೆಯವರು ಮೂವರು, ಮರದ ವ್ಯಾಪಾರದವರೊಬ್ಬರು, ಒಬ್ಬ ಹುಡುಗ. ಅಷ್ಟೇ. ಡೇನಿಯಲ್ಸ್ ಅದಕ್ಕೂ ಮೊದಲು ಕ್ಯಾಮೆರಾ ಮುಟ್ಟಿದವನೇ ಅಲ್ಲ. ಯಂತ್ರ ಎದ್ದದ್ದನ್ನು ಕಂಡು ಎಷ್ಟು ಬೆರಗಾಗಿಬಿಟ್ಟನೆಂದರೆ, ಬಲ್ಬು ಹಿಸುಕಿದೆನೋ ಇಲ್ಲವೋ ಅನ್ನುವುದೇ ಅವನಿಗೆ ಖಾತ್ರಿ ಇರಲಿಲ್ಲ.

ಹಿಸುಕಿದ್ದ. ಸರಿಯಾದ ಗಳಿಗೆಗೆ ಹಿಸುಕಿದ್ದ.

ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಇದನ್ನು ಓದಿ ಇಷ್ಟೇನಾ ಅನ್ನುವವರಿದ್ದಾರೆ. ಒಂದು ಲೆಕ್ಕ ಮಾಡಿ. ಸೆಕೆಂಡಿಗೆ 10 ಅಡಿ. ಗಂಟೆಗೆ 11 ಕಿಲೋಮೀಟರ್ ಆಯಿತು, ಒಬ್ಬ ಮನುಷ್ಯ ಓಡುವ ವೇಗ. ಎದುರು ಗಾಳಿ ಅಷ್ಟು ಜೋರಾಗಿದ್ದರಿಂದ ಗಾಳಿಯ ಲೆಕ್ಕದಲ್ಲಿ ಯಂತ್ರದ ವೇಗ ಜಾಸ್ತಿ, ನೆಲದ ಲೆಕ್ಕದಲ್ಲಿ ಕಡಿಮೆ. ಅದರಿಂದಲೇ ವಿಲ್ಬರ್ ರೆಕ್ಕೆಯ ತುದಿ ಹಿಡಿದುಕೊಂಡು ಜೊತೆಗೇ ಓಡಲು ಸಾಧ್ಯವಾಯಿತು. ಅದರಿಂದಲೇ ಅವನು ಫೋಟೋದೊಳಗೆ ಇದ್ದಾನೆ. ಗಾಳಿ ಕಡಿಮೆಯಿದ್ದು ಯಂತ್ರ ಬಿರ್ರನೆ ಹೋಗಿಬಿಟ್ಟಿದ್ದರೆ, ಹಾರುವ ತಮ್ಮನೂ ಕೈಬಿಟ್ಟ ಅಣ್ಣನೂ ಒಂದೇ ಪ್ಲೇಟಿನಲ್ಲಿ ಹೀಗೆ ಸಿಗುತ್ತಿರಲಿಲ್ಲ. ಆವತ್ತಿನ ಗಾಳಿಯ ಜೋರನ್ನು ನಾನು ಈ ಫೋಟೋದಲ್ಲಿ ಓದುವುದು ವಿಲ್ಬರನ ಕಾಲುಗಳಲ್ಲಿ.

ಆವತ್ತು ಒಟ್ಟು ನಾಲ್ಕು ಸಲ ಹಾರಿದರು. ನಾಲ್ಕನೆಯದು ವಿಲ್ಬರ್, 59 ಸೆಕೆಂಡು, 852 ಅಡಿ. ಸುದ್ದಿಯನ್ನು ಅಪ್ಪನಿಗೆ ಟೆಲಿಗ್ರಾಂ ಮಾಡಿದರು. ದಾರಿಯಲ್ಲಿ 59 ಹೋಗಿ 57 ಆಯಿತು, ಆರ್ವಿಲ್‌ನ ಹೆಸರಿನ ಅಕ್ಷರಗಳೂ ತಪ್ಪಾದವು. ಒಂದೇ ದಿನದೊಳಗೆ, ಒಂದೇ ತಂತಿಯ ಮೇಲೆ ಮಾತು ಹೀಗೆ ಬದಲಾಯಿತು. ಪೆಟ್ಟಿಗೆಯಲ್ಲಿದ್ದ ಗಾಜಿನ ಪ್ಲೇಟು ಮಾತ್ರ ಏನೂ ಬದಲಾಗದೆ ಅವರ ಊರಾದ ಡೇಟನ್ನಿನ ಮನೆಗೆ ಬಂತು. ಅದನ್ನು ತೊಳೆದು ನೋಡುವ ತನಕ ಅದರಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕತ್ತಲೆ ಕೋಣೆಯ ಆ ನಿಮಿಷಗಳು ಬಯಲಿನಲ್ಲಿ ಹಾರುವಾಗಿನಷ್ಟೇ ರೋಮಾಂಚನದವು, ಪ್ಲೇಟಿನ ಮೇಲೆ ಮೂಡುವುದು ಹಾರುವ ಯಂತ್ರವೋ ಬರೀ ಖಾಲಿ ಆಕಾಶವೋ ಅಂತ ಕಾಯುತ್ತಿರುತ್ತೇವೆ ಅಂತ ವಿಲ್ಬರ್ ತಮ್ಮ ಗ್ಲೈಡರ್ ದಿನಗಳ ಬಗ್ಗೆ ಮೊದಲೇ ಹೇಳಿದ್ದ. ಈ ಪ್ಲೇಟಿಗೆ ಆ ಮಾತು ಎಷ್ಟು ಹೊಂದುತ್ತದೆ ನೋಡಿ. ಫೋಟೋ ಪತ್ರಿಕೆಯಲ್ಲಿ ಅಚ್ಚಾಗಿ ಜನರಿಗೆ ಕಂಡದ್ದು 1908ರ ಸೆಪ್ಟೆಂಬರಿನಲ್ಲಿ. ಹೆಚ್ಚುಕಡಿಮೆ ಐದು ವರ್ಷ ಅದು ಮನೆಯಲ್ಲೇ ಇತ್ತು.

ಪೌಚಿನ ಮೇಲಿನ ಚಿತ್ರವನ್ನು ಹತ್ತಿರ ಹಿಡಿದು ನೋಡುವಾಗ ನನ್ನ ಕಣ್ಣು ಹೋಗುವುದು ವಿಮಾನಕ್ಕಲ್ಲ, ಅದರ ಕೆಳಗಿನ ಮರಳಿಗೆ. ಅಲ್ಲಿ ಒಂದು ಪುಟ್ಟ ಸಂಸಾರವೇ ಇದೆ. ಯಂತ್ರ ಜಾರಿಹೋದ 60 ಅಡಿ ಉದ್ದದ ಮರದ ಹಳಿ. ಹೊರಡುವ ತನಕ ರೆಕ್ಕೆಗೆ ಆನಿಸಿಟ್ಟಿದ್ದ ಸಣ್ಣ ಬೆಂಚು. ಎಂಜಿನ್ನು ಚಾಲೂ ಮಾಡಲು ಬಳಸಿದ ಕಾಯಿಲ್ ಪೆಟ್ಟಿಗೆ. ಮರಳಿಗೆ ಚುಚ್ಚಿದ ಸಲಿಕೆ. ಒಂದು ಡಬ್ಬಿ. ತುಂಬ ಹೆಜ್ಜೆ ಗುರುತು. ಬೆಳಿಗ್ಗೆಯಿಂದ ಅಲ್ಲಿ ನಡೆದ ಕೆಲಸವೆಲ್ಲ ಆ ಮರಳಿನಲ್ಲಿ ಬರೆದಿದೆ. ಸಾಮಾನು ಎತ್ತಿಡಲು, ಫೋಟೋಗೆ ಜಾಗ ಚೊಕ್ಕ ಮಾಡಲು ಯಾರಿಗೂ ತೋಚಿಲ್ಲ. ಅದಕ್ಕೇ ಈ ಫೋಟೋ ನಂಬುವ ಹಾಗಿದೆ. ಹಾರಿದವರು ಕೆಲಸಗಾರರು, ಹತ್ಯಾರು ಬಿದ್ದಲ್ಲೇ ಬಿಟ್ಟು ಹಾರಿದ್ದಾರೆ.

ಪೌಚ್ ಮಾಡುವವರು ಮೊದಲು ಕತ್ತರಿಸುವುದು ಈ ಮರಳನ್ನೇ. ಇದು ನನಗೆ ನಿಜವಾಗಲೂ ಬೇಜಾರು. ಕಾರಣ ಗೊತ್ತು. ಮೂಲ ಪ್ಲೇಟಿನ ಅಳತೆ 7ಕ್ಕೆ 5. ಪೌಚುಗಳು ಅದಕ್ಕಿಂತ ಉದ್ದ, ಗಿಡ್ಡ. ಉದ್ದಕ್ಕೆ ಹೊಂದಿಸಿದರೆ ಮೇಲೋ ಕೆಳಗೋ ಏನಾದರೂ ಹೋಗಲೇಬೇಕು. ಅದರ ಮೇಲೆ ಸುತ್ತ ಹೊಲಿಗೆಗೆ ಒಂದು ಸೆಂಟಿಮೀಟರ್ ಒಳಗೆ ಹೋಗುತ್ತದೆ. ತಳಕ್ಕೆ ಅಗಲ ಬರಲಿ ಅಂತ ಮೂಲೆ ಹೊಲಿದರೆ ಕೆಳಗಿನ ಚಿತ್ರ ಇನ್ನಷ್ಟು ಮಡಚಿ ತಳಕ್ಕೆ ಸೇರುತ್ತದೆ. ಆಗ ಬೆಂಚೂ ಇಲ್ಲ, ಸಲಿಕೆಯೂ ಇಲ್ಲ, ಗಾಳಿಯಲ್ಲಿ ತೇಲುವ ವಿಮಾನ ಮಾತ್ರ. ನೆಲವೇ ಕಾಣದಿದ್ದರೆ ಎಷ್ಟು ಮೇಲಿದೆ ಅಂತ ಹೇಗೆ ತಿಳಿಯುವುದು? ಕೆಲವು ಕಡೆ ವಿಲ್ಬರನನ್ನೂ ಬಲಗಡೆಯ ಹೊಲಿಗೆ ಅರ್ಧ ನುಂಗಿರುತ್ತದೆ. ಅದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ನನ್ನ ಪೌಚ್ ಹೊಲಿದವರು ಜಾಣರು. ಮೇಲಿನ ಆಕಾಶ ಕತ್ತರಿಸಿ ಮರಳು ಉಳಿಸಿದ್ದಾರೆ. ಆ ಫೋಟೋದಲ್ಲಿ ಆಕಾಶಕ್ಕೇನೂ ಕಡಿಮೆಯಿಲ್ಲ, ಸ್ವಲ್ಪ ಹೋದರೆ ನಷ್ಟವಿಲ್ಲ. ಜಿಪ್ಪು ಮೇಲಿನ ರೆಕ್ಕೆಗಿಂತ ಎರಡು ಬೆರಳು ಎತ್ತರದಲ್ಲಿ ಬರುತ್ತದೆ. ಸ್ಲೈಡರ್ ಎಳೆಯುವಾಗ ಕೈ ಚಿತ್ರಕ್ಕೆ ಅಡ್ಡ ಬರುವುದಿಲ್ಲ. ಜಿಪ್ಪಿನ ಎರಡು ತುದಿಗೂ ಕ್ಯಾನ್ವಾಸಿನದೇ ಸಣ್ಣ ಚೂರು ಮಡಚಿ ಹೊಲಿದಿದ್ದಾರೆ. ಹಾಗೆ ಮಾಡಿದರೆ ಪಕ್ಕದ ಹೊಲಿಗೆಯಲ್ಲಿ ಜಿಪ್ಪಿನ ಹಲ್ಲು ಸಿಕ್ಕಿಕೊಂಡು ಸೂಜಿ ಮುರಿಯುವುದಿಲ್ಲ, ಮೂಲೆಯೂ ಗುಂಡಗೆ ಕುಗ್ಗದೆ ಚೌಕವಾಗಿ ನಿಲ್ಲುತ್ತದೆ. ಈ ಎರಡು ಚೂರು ನೋಡಿದರೆ ಸಾಕು, ಹೊಲಿದವರ ಕೈ ಎಂಥದ್ದು ಅಂತ ಗೊತ್ತಾಗುತ್ತದೆ.

ಅಚ್ಚಿನ ಬಗ್ಗೆಯೂ ಒಂದು ಮಾತು. ಕಪ್ಪು-ಬಿಳುಪು ಫೋಟೋವನ್ನು ಬಟ್ಟೆಗೆ ಹಾಕುವುದು ಬಣ್ಣದ ಚಿತ್ರಕ್ಕಿಂತ ಕಷ್ಟ. ಬೂದು ಬಣ್ಣ ಬರುವುದು ಹಲವು ಬಣ್ಣದ ಇಂಕುಗಳ ಮಿಶ್ರಣದಿಂದ. ಅಳತೆ ಕೊಂಚ ತಪ್ಪಿದರೂ ಮರಳು ಹಸಿರಿಗೋ ಗುಲಾಬಿಗೋ ತಿರುಗುತ್ತದೆ. ಪಾಲಿಯೆಸ್ಟರ್ ಬಟ್ಟೆಯಾದರೆ ಇಂಕನ್ನು ಕಾಗದದ ಮೇಲೆ ಅಚ್ಚು ಹಾಕಿ, ಸುಮಾರು 200 ಡಿಗ್ರಿ ಶಾಖದಲ್ಲಿ ಒತ್ತುತ್ತಾರೆ. ಇಂಕು ಆವಿಯಾಗಿ ನೂಲಿನ ಒಳಕ್ಕೇ ಹೋಗಿ ಕೂರುತ್ತದೆ. ಚಿತ್ರ ಸ್ಪಷ್ಟ, ಒಗೆದರೆ ಹೋಗುವುದಿಲ್ಲ. ಹತ್ತಿಗೆ ಈ ವಿಧಾನ ಹಿಡಿಯುವುದಿಲ್ಲ. ಅದಕ್ಕೆ ಬೇರೆ ಥರದ ಇಂಕು ಬೇಕು. ಚಿತ್ರ ಸ್ವಲ್ಪ ಮಂಕಾಗುತ್ತದೆ, ನೇಯ್ಗೆ ಎದ್ದು ಕಾಣುತ್ತದೆ. ನಾನು ಹತ್ತಿಯ ಕಡೆಗೇ. ರೆಕ್ಕೆಯ ಜಾಗದಲ್ಲಿ ಬೆಳಕಿಗೆ ಓರೆ ಹಿಡಿದರೆ ಹಾಸು-ಹೊಕ್ಕು ಒಂದೊಂದೂ ಕಾಣುತ್ತದೆ. ಮಸ್ಲಿನ್ ರೆಕ್ಕೆಯ ಚಿತ್ರದೊಳಗೆ ನಿಜವಾದ ಹತ್ತಿ ನೂಲು. ಇದನ್ನು ಹೊಳೆಯುವ ಫೋಟೋ ಕಾಗದ ಕೊಡಲಾರದು.

ಆದರೆ ಚಿತ್ರಕ್ಕೆ ಕಂದು ಬಣ್ಣ ಬಳಿಯುವುದನ್ನು ನಾನು ಒಪ್ಪುವುದಿಲ್ಲ. ಹಳೆಯದು ಅಂತ ತೋರಿಸಲು ಹಾಗೆ ಮಾಡುತ್ತಾರೆ. ಆ ಪ್ಲೇಟಿನ ಬೂದು ಬಣ್ಣ ತಣ್ಣಗೆ, ಡಿಸೆಂಬರಿನ ಬೆಳಗಿನ ಹಾಗೇ ಇದೆ. ಕಂದು ಬಳಿದರೆ ಆ ಚಳಿ ಹೋಗಿ ಸಂಜೆ ಬಿಸಿಲು ಬಂದುಬಿಡುತ್ತದೆ. ಚಿತ್ರದ ಮೇಲೆ ಕನಸು, ಗುರಿ, ಎತ್ತರ ಅಂತ ಹುರಿದುಂಬಿಸುವ ಸಾಲು ಬರೆಯುವುದೂ ಬೇಡ. ಅಲ್ಲಿ ಏನಾಗಿದೆ ಅಂತ ಫೋಟೋ ತಾನೇ ಹೇಳುತ್ತಿದೆ.

ಜಿಪ್ಪಿನ ಕಥೆಗೂ ಈ ಫೋಟೋದ ಕಥೆಗೂ ಒಂದು ವರ್ಷ ಸಮಾನ, 1913. ವಿಮಾನ ಜಿಪ್ಪಿಗಿಂತ ಹಳೆಯದು ಅಂದರೆ ಜನ ನಂಬುವುದಿಲ್ಲ. ಕೊಂಡಿಗಳನ್ನು ಒಂದರ ಹಿಂದೆ ಒಂದು ಸಿಕ್ಕಿಸುವ ಸಾಧನವನ್ನು ವಿಟ್ಕಂಬ್ ಜಡ್ಸನ್ 1893ರ ಶಿಕಾಗೋ ಪ್ರದರ್ಶನದಲ್ಲಿ ತೋರಿಸಿದ್ದ, ನಿಜ. ಅದು ಸರಿಯಾಗಿ ಕೆಲಸ ಮಾಡಲಿಲ್ಲ. ಈಗ ನನ್ನ ಪೌಚಿನಲ್ಲಿರುವಂಥ, ಎರಡು ಸಾಲು ಹಲ್ಲು ಒಂದರೊಳಗೊಂದು ಕೂರುವ ಜಿಪ್ಪನ್ನು ಗಿಡಿಯನ್ ಸುಂಡ್‌ಬ್ಯಾಕ್ ರೂಪಿಸಿದ್ದು 1913ರಲ್ಲಿ. ಪೇಟೆಂಟ್ ಸಿಕ್ಕಿದ್ದು 1917ರಲ್ಲಿ. ಮೊದಮೊದಲು ಅದನ್ನು ಕೊಂಡು ಬಳಸಿದ್ದು ದುಡ್ಡಿಡುವ ಬೆಲ್ಟುಗಳಿಗೆ, ವಿಮಾನ ಹಾರಿಸುವವರ ಉಡುಪಿಗೆ. ಅಂದರೆ ಜಿಪ್ಪು ಹುಟ್ಟುವ ಹೊತ್ತಿಗೆ ಅದನ್ನು ತೊಡಲು ಪೈಲಟ್‌ಗಳು ಆಗಲೇ ತಯಾರಿದ್ದರು.

ಅದೇ 1913ರ ಮಾರ್ಚಿನಲ್ಲಿ ಡೇಟನ್ ಊರಿಗೆ ದೊಡ್ಡ ಪ್ರವಾಹ ಬಂತು. ವಿಲ್ಬರ್ ಹಿಂದಿನ ವರ್ಷವೇ ಟೈಫಾಯ್ಡಿನಿಂದ ತೀರಿಕೊಂಡಿದ್ದ. 1903ರ ಫ್ಲೈಯರ್ ಬಿಡಿ ಬಿಡಿಯಾಗಿ ಪೆಟ್ಟಿಗೆಗಳಲ್ಲಿ ಶೆಡ್ಡಿನಲ್ಲಿ ಬಿದ್ದಿತ್ತು. ಆ ಪೆಟ್ಟಿಗೆಗಳು 11 ದಿನ ನೀರು, ಕೆಸರಿನಲ್ಲಿ ಮುಳುಗಿದ್ದವು. ಗಾಜಿನ ಪ್ಲೇಟುಗಳಿಗೂ ನೀರು ನುಗ್ಗಿತು. ಅನೇಕ ಪ್ಲೇಟುಗಳ ಚಿತ್ರ ಎದ್ದುಹೋಯಿತು, ಕಲೆ ಬಿತ್ತು. ಮೊದಲ ಹಾರಾಟದ ಪ್ಲೇಟು ಕೈಗೆ ಸಿಕ್ಕಾಗ ಒಂದು ಮೂಲೆಯ ಪದರ ಮಾತ್ರ ಕಿತ್ತುಬಂದಿತ್ತು. ಬೆಂಚಿಗಾಗಲಿ, ವಿಲ್ಬರನಿಗಾಗಲಿ, ರೆಕ್ಕೆಗಾಗಲಿ ಏನೂ ಆಗಿರಲಿಲ್ಲ. ಅಚ್ಚು ಹಾಕುವವರು ಈ ಮೂಲೆಯನ್ನು ಕಂಪ್ಯೂಟರಿನಲ್ಲಿ ಸರಿಮಾಡಿಬಿಡುತ್ತಾರೆ. ನನ್ನ ಪೌಚಿನಲ್ಲೂ ಅದು ಕಾಣುವುದಿಲ್ಲ. ಉಳಿಸಿದ್ದರೆ ಚೆನ್ನಾಗಿತ್ತು. ಆ ಮೂಲೆಗೂ ಒಂದು ಇತಿಹಾಸ ಇದೆ, ಚಿತ್ರಕ್ಕಿರುವ ಹಾಗೆಯೇ. ರೈಟ್ ಮನೆಯಲ್ಲಿ ಉಳಿದ ಸುಮಾರು 300 ಪ್ಲೇಟುಗಳ ಜೊತೆ ಅದು ಈಗ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ.

ಯಂತ್ರದ ಕಥೆ 1903ರ ಅದೇ ಡಿಸೆಂಬರ್ 17ಕ್ಕೇ ಮುಗಿದಿತ್ತು. ನಾಲ್ಕನೇ ಹಾರಾಟ ಮುಗಿಸಿ ಎಲ್ಲರೂ ನಿಂತು ಮಾತಾಡುತ್ತಿದ್ದಾಗ ಗಾಳಿ ಬೀಸಿ ಫ್ಲೈಯರನ್ನು ಎತ್ತಿ ಉರುಳಿಸಿತು. ಡೇನಿಯಲ್ಸ್ ಓಡಿಹೋಗಿ ಕಂಬ ಹಿಡಿದ, ಬಿಡಲಿಲ್ಲ. ತಂತಿ, ಮರದ ನಡುವೆ ಸಿಕ್ಕಿಕೊಂಡು ಯಂತ್ರದ ಜೊತೆಗೇ ಉರುಳಿದ. ಮೈಯೆಲ್ಲ ತರಚಿ, ಊದಿಕೊಂಡಿತು. ಫ್ಲೈಯರ್ ಮತ್ತೆಂದೂ ಹಾರಲಿಲ್ಲ. ಅದು ಎದ್ದದ್ದನ್ನು ಹಿಡಿದಿಟ್ಟವನೇ ಅದು ಬೀಳುವಾಗಲೂ ಹಿಡಿದುಕೊಂಡಿದ್ದ. ಆರ್ವಿಲ್ 1948ರ ಜನವರಿ 30ರಂದು ತೀರಿಕೊಂಡ. ಡೇನಿಯಲ್ಸ್ ಮರುದಿನ.

ಆಮೇಲೆ ಯಂತ್ರವನ್ನು ಮತ್ತೆ ಜೋಡಿಸಿದರು. 1928ರಲ್ಲಿ ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿಗೆ ಕಳಿಸುವ ಮೊದಲು ಆರ್ವಿಲ್ ಹಳೆಯ ಬಟ್ಟೆ ಬಿಚ್ಚಿ ಹೊಸ ಮಸ್ಲಿನ್ ಹಾಕಿಸಿದ. 1948ರ ಡಿಸೆಂಬರಿನಲ್ಲಿ ಅದು ಅಮೆರಿಕದ ಸ್ಮಿತ್‌ಸೋನಿಯನ್ ಸೇರಿತು. 1985ರಲ್ಲಿ ಅಲ್ಲಿ ಇನ್ನೊಮ್ಮೆ ಬಟ್ಟೆ ಬದಲಾಯಿತು. ಹಾಗಾಗಿ ಇವತ್ತು ಮ್ಯೂಸಿಯಮ್ಮಿನಲ್ಲಿ ನೋಡುವ ರೆಕ್ಕೆಯ ಬಟ್ಟೆ ಹಾರಿದ ಬಟ್ಟೆಯಲ್ಲ. ಹಾರಿದ ಬಟ್ಟೆ ತುಂಡು ತುಂಡಾಗಿ ಬೇರೆ ದಾರಿ ಹಿಡಿಯಿತು. 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಅದರ ಎಡ ಮೇಲ್ರೆಕ್ಕೆಯ ಮಸ್ಲಿನ್ನಿನ ಒಂದು ಚೂರನ್ನು ಚಂದ್ರನ ಮೇಲಕ್ಕೆ ಒಯ್ದ. 2021ರ ಏಪ್ರಿಲ್ 19ರಂದು ಮಂಗಳ ಗ್ರಹದಲ್ಲಿ ಇಂಜೆನ್ಯುಯಿಟಿ ಅನ್ನುವ ಪುಟ್ಟ ಹೆಲಿಕಾಪ್ಟರ್ 3 ಮೀಟರ್ ಎತ್ತರಕ್ಕೆ ಎದ್ದು 39 ಸೆಕೆಂಡು ಹಾರಿತು. ಅದರ ಸೌರಫಲಕದ ಕೆಳಗೆ, ಒಂದು ಕೇಬಲ್ಲಿಗೆ ಟೇಪಿನಲ್ಲಿ ಸುತ್ತಿದ, ಅಂಚೆಚೀಟಿಯಷ್ಟು ದೊಡ್ಡ ಅದೇ ಮಸ್ಲಿನ್ ಇತ್ತು. ಎಂಜಿನ್ನಿನ ತುಣುಕಿಗಿಂತ, ಚೈನಿಗಿಂತ, ಬಟ್ಟೆಯೇ ಅಷ್ಟು ದೂರ ಹೋಗಿದ್ದು ಸರಿಯಾಗಿಯೇ ಇದೆ.

ಇಂಥ ಪೌಚನ್ನು ನೀವೇ ಹೊಲಿಯುವುದಾದರೆ ಇಷ್ಟು ಗಮನಿಸಿ. ಫೋಟೋ ಸಾರ್ವಜನಿಕ ಸ್ವತ್ತು. ಲೈಬ್ರರಿ ಆಫ್ ಕಾಂಗ್ರೆಸ್‌ನ ತಾಣದಲ್ಲಿ ದೊಡ್ಡ ಫೈಲು ಪುಕ್ಕಟೆ ಸಿಗುತ್ತದೆ. ಎಲ್ಲೆಲ್ಲೋ ತಿರುಗಿ ಬಂದ ಮಸುಕು ಪ್ರತಿ ಬೇಡ. ಕಿತ್ತ ಮೂಲೆ ಇರುವ ಪ್ರತಿಯನ್ನೇ ತೆಗೆದುಕೊಳ್ಳಿ. ಪೌಚಿನ ಅಳತೆಯನ್ನು ಫೋಟೋಗೆ ಹೊಂದಿಸಿ, ಫೋಟೋವನ್ನು ಪೌಚಿಗೆ ಹೊಂದಿಸಬೇಡಿ. ಕೆಳಗಡೆ ಹೊಲಿಗೆಗೆ ಹೋಗುವ ಜಾಗವನ್ನು ಚಿತ್ರದ ಹೊರಗೇ ಖಾಲಿ ಬಿಡಿ, ಬಲಗಡೆಯೂ ಅಷ್ಟೇ. ಕತ್ತರಿಸಲೇಬೇಕಾದರೆ ಆಕಾಶ ಕತ್ತರಿಸಿ. ಒಗೆಯುವಾಗ ಒಳಮೈ ಹೊರಗೆ ಮಾಡಿ, ತಣ್ಣೀರು ಸಾಕು.

ಇನ್ನೊಂದು ಮುಖ್ಯ. ಇಂಥ ಸಾಮಾನಿನ ಮೇಲೆ ಹೆಸರು ಹಾಕುವವರು ರೈಟ್ ಸಹೋದರರ ಹೆಸರು ಹಾಕುತ್ತಾರೆ, ತಾರೀಕು ಹಾಕುತ್ತಾರೆ. ಡೇನಿಯಲ್ಸ್ ಹೆಸರು ಎಲ್ಲೂ ಇರುವುದಿಲ್ಲ. ಕ್ಯಾಮೆರಾ ಹೊಂದಿಸಿದ್ದು ಆರ್ವಿಲ್, ಹಾಗಾಗಿ ಫೋಟೋ ಅವನದೇ ಅಂತ ವಾದ ಮಾಡಬಹುದು. ಅರ್ಧ ಅವನದು, ಒಪ್ಪುತ್ತೇನೆ. ಇನ್ನರ್ಧ ಬಲ್ಬು ಹಿಡಿದಿದ್ದ ಕೈಯದು. ಒಳಗಡೆ ಲೈನಿಂಗಿಗೆ ಬಿಳಿ ಟೇಪಿನ ಒಂದು ಚೂರು ಹೊಲಿದು ಅವನ ಹೆಸರು ಬರೆಯಿರಿ. ಪರ್ಮನೆಂಟ್ ಮಾರ್ಕರಿನಲ್ಲಿ ಬರೆದು, ಹಿಂದಿನಿಂದ ಒಮ್ಮೆ ಇಸ್ತ್ರಿ ಹಾಕಿದರೆ ಒಗೆತಕ್ಕೆ ತಡೆಯುತ್ತದೆ. ನನ್ನದರಲ್ಲಿ ಇನ್ನೂ ಚೆನ್ನಾಗಿ ಓದುವ ಹಾಗಿದೆ.